ಬೆಕ್ಕಿನ ಉಪವಾಸ

ಬೆಳಗಿನ ಪ್ರದೇಶ ಸಮಾಚಾರ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ಕೆಲಸಗಳು ಆಗಿಹೋಗಿರುತ್ತವೆ. ನನ್ನ ಕೈಗೆ ಕಾಫಿ ಬಂದಿರುತ್ತದೆ. ಅಡಿಗೆಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಪುಟ್ಟ ತಟ್ಟೆ ಇಟ್ಟಾಗಿರುತ್ತದೆ. ತಟ್ಟೆ ಗೌರಿಯದು. ಗೌರಿ ನಮ್ಮ ಮನೆಯ ಬೆಕ್ಕು. ಒಂದು ಗೌರಿಹಬ್ಬದ ಹಿಂದಿನ ದಿನ, ಹಿತ್ತಲಿನ ಸೌದೆಯ ರಾಶಿಯಲ್ಲಿ, ಅಂಗೈಯಗಲದ ಮರಿಯಾಗಿ ನಮಗೆ ಸಿಕ್ಕಿತು. ಮೈಯೆಲ್ಲ ಬಿಳುಪು. ಗೌರಿ ಎಂದರೆ ಬಿಳಿಯವಳು ಎಂಬ ಅರ್ಥವೂ ಇರುವುದರಿಂದ ಹಬ್ಬಕ್ಕೂ ಬಣ್ಣಕ್ಕೂ ಒಂದೇ ಹೆಸರು ಹೊಂದಿತು. ವಯಸ್ಸಿನ ಲೆಕ್ಕವೂ ಸುಲಭವಾಯಿತು; ಎಷ್ಟು ಗೌರಿಹಬ್ಬ ಕಳೆಯಿತೋ ಅಷ್ಟು ವರ್ಷ. ಹದಿನಾಲ್ಕನೆಯ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಗೌರಿ ಹಾಲನ್ನದ ತಟ್ಟೆಯ ಬಳಿಗೆ ಬಂದಳು, ಮೂಸಿದಳು, ನಮ್ಮ ಮುಖವನ್ನೊಮ್ಮೆ ನೋಡಿದಳು, ಹಿಂದಿರುಗಿ ಹೋಗಿ ಕಿಟಕಿಯ ಕೆಳಗೆ ಕುಳಿತಳು.

ಸಂಜೆಯೂ ಹಾಗೆಯೇ. ಮರುದಿನವೂ ಹಾಗೆಯೇ.

ಕನ್ನಡ ಪಂಡಿತನಾದ ನನಗೆ ಮೊದಲು ಹೊಳೆದದ್ದು ಪರಿಹಾಸ್ಯ. ನಮ್ಮ ಸಾಹಿತ್ಯದಲ್ಲಿ ಬೆಕ್ಕಿನ ಉಪವಾಸವೆಂದರೆ ಕಪಟ. ಮಹಾಭಾರತದ ಉದ್ಯೋಗಪರ್ವದಲ್ಲಿ ಗಂಗಾತೀರದಲ್ಲಿ ತೋಳೆತ್ತಿ ತಪಸ್ಸಿಗೆ ನಿಂತ ಬೆಕ್ಕೊಂದು ನಂಬಿ ಬಂದ ಇಲಿಗಳನ್ನೇ ನುಂಗುತ್ತದೆ. ಮಹಾಬಲಿಪುರದ ಏಳನೆಯ ಶತಮಾನದ ಬಂಡೆಯ ಶಿಲ್ಪದಲ್ಲಿ ಹಿಂಗಾಲಮೇಲೆ ನಿಂತು ಮುಂಗಾಲೆತ್ತಿದ ಆ ತಪಸ್ವಿ ಬೆಕ್ಕನ್ನು ಇಂದಿಗೂ ಕಾಣಬಹುದು. ಅದರ ಕಾಲಬಳಿಯಲ್ಲಿ ಇಲಿಗಳಿವೆ. ಮನುಸ್ಮೃತಿ ಢಾಂಭಿಕನನ್ನು ಬೈಡಾಲವ್ರತಿಕ, ಎಂದರೆ ಬೆಕ್ಕಿನ ವ್ರತದವನು, ಎಂದು ಕರೆಯಿತು. ನಾಯಿಯ ಪಾಲು ಬೇರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. ೯೪೯ರ ಸುಮಾರಿಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ವೀರಗಲ್ಲು ನಿಂತಿತು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಬೆಕ್ಕಿನ ಪಾಲಿಗೆ ಬಂದದ್ದು ಗಾದೆಗಳು.

ಆದುದರಿಂದ ನಾನೂ, ‘ಗೌರಿ ಏಕಾದಶಿ ಹಿಡಿದಿದ್ದಾಳೆ’ ಎಂದು ನಕ್ಕೆ. ಅನಂತರ, ‘ಹಠ, ನೆರೆಮನೆಯ ಮೀನಿನ ರುಚಿ ಹತ್ತಿದೆ, ಹಸಿದರೆ ತಾನಾಗಿ ತಿನ್ನುತ್ತಾಳೆ’ ಎಂದೆ. ಮೂರನೆಯ ದಿನ ಮಾತ್ರ ಎಂಬತ್ತನಾಲ್ಕರ ನಮ್ಮ ತಾಯಿಯವರು ಒಳಗಿನಿಂದಲೇ ಕರೆದು ಹೇಳಿದರು: “ಹಠ ಅಲ್ಲ ಕಣಪ್ಪ. ಹಠ ಆಗಿದ್ರೆ ತಟ್ಟೆ ಹತ್ರ ಯಾಕೆ ಬರ್ತಿತ್ತು? ಅದುಕ್ಕೆ ಹಸಿವಿದೆ, ತಿನ್ನೋಕಾಗ್ತಿಲ್ಲ. ನನ್ನ ಹಲ್ಲು ನೋಯ್ತಿದ್ದಾಗ ನಾನೂ ಹೀಗೇ ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ದೆ. ನೀನು ನೋಡಲಿಲ್ಲ.”

ಆ ಕೊನೆಯ ಮಾತು ನನಗೆ ತಾಗಿತು. ಅಂದೇ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಊರಿನ ಪಶುವೈದ್ಯರ ಬಳಿಗೆ ಹೋದೆ. ಅವರಿಂದ ತಿಳಿದದ್ದನ್ನೂ, ಮುಂದೆ ಓದಿ ವಿಚಾರಿಸಿ ಅರಿತದ್ದನ್ನೂ, ನನ್ನಂತೆಯೇ ನಕ್ಕು ದಿನ ಕಳೆಯಬಹುದಾದ ಗೃಹಸ್ಥರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹಸು ಎಮ್ಮೆ ಮೇವು ಬಿಟ್ಟರೆ ನಮ್ಮ ಕಡೆಯ ರೈತ ಆ ಹೊತ್ತೇ ಎಚ್ಚರಗೊಳ್ಳುತ್ತಾನೆ. ಬೆಕ್ಕು ಅನ್ನ ಬಿಟ್ಟರೆ ಯಾರೂ ಎಚ್ಚರಗೊಳ್ಳುವುದಿಲ್ಲ.

ಮೊದಲು ವಯಸ್ಸಿನ ಮಾತು. ಬೆಕ್ಕಿನ ಮೊದಲ ಎರಡು ವರ್ಷಗಳನ್ನು ಮನುಷ್ಯನ ಇಪ್ಪತ್ತನಾಲ್ಕಕ್ಕೆ ಸಮನೆಂದೂ, ಅಲ್ಲಿಂದಾಚೆಗೆ ಒಂದೊಂದು ವರ್ಷವನ್ನು ನಾಲ್ಕು ನಾಲ್ಕಾಗಿಯೂ ಎಣಿಸುವುದು ಪಶುವೈದ್ಯರ ರೂಢಿ. ಈ ಲೆಕ್ಕದಲ್ಲಿ ಹತ್ತು ವರ್ಷದ ಬೆಕ್ಕಿಗೆ ಐವತ್ತಾರು, ಹದಿನಾಲ್ಕರ ಗೌರಿಗೆ ಎಪ್ಪತ್ತೆರಡು. ಎಪ್ಪತ್ತೆರಡರ ಅಜ್ಜಿಯೊಬ್ಬರು ಎರಡು ದಿನ ಊಟ ಬಿಟ್ಟರೆ ನಾವು ನಗುವುದಿಲ್ಲವಷ್ಟೆ.

ಎರಡನೆಯದು, ಉಪವಾಸದ ಅಪಾಯ. ಮನುಷ್ಯನಿಗೂ ನಾಯಿಗೂ ಕೆಲವು ದಿನದ ಉಪವಾಸವನ್ನು ತಡೆದುಕೊಳ್ಳುವ ಶಕ್ತಿಯುಂಟು. ಬೆಕ್ಕಿನ ದೇಹದ ಕಟ್ಟು ಬೇರೆ. ಹೊಟ್ಟೆಗೆ ಆಹಾರ ಬೀಳದಿದ್ದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ಯಕೃತ್ತಿನ ಕಡೆಗೆ ಹರಿಯುತ್ತದೆ. ಅಷ್ಟು ಕೊಬ್ಬನ್ನು ಒಮ್ಮೆಗೇ ಅರಗಿಸಿ ಸಾಗಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗಿಲ್ಲ. ಕೊಬ್ಬು ಅಲ್ಲಿಯೇ ಕಟ್ಟಿಕೊಳ್ಳುತ್ತದೆ, ಯಕೃತ್ತು ತನ್ನ ಕೆಲಸವನ್ನು ನಿಲ್ಲಿಸುತ್ತದೆ. ಆಗ ವಸಡು, ಕಿವಿಯ ಒಳಭಾಗ, ಕಣ್ಣಿನ ಬಿಳಿ ಇವು ಹಳದಿಗೆ ತಿರುಗುತ್ತವೆ. ಕೆಲವೇ ದಿನಗಳ ನಿರಾಹಾರ ಇದಕ್ಕೆ ಸಾಕು. ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ಮೈತುಂಬಿಕೊಂಡಿದೆ, ನಾಲ್ಕು ದಿನ ತಿನ್ನದಿದ್ದರೇನು ಎಂಬ ನಮ್ಮ ಸಮಾಧಾನ ತಲೆಕೆಳಗಾದ ಸಮಾಧಾನ. ಇಲ್ಲಿ ಇನ್ನೊಂದು ತೊಡಕೂ ಇದೆ. ಯಕೃತ್ತು ಕೆಟ್ಟಮೇಲೆ ಹಸಿವೇ ಆಗುವುದಿಲ್ಲ. ಹಲ್ಲುನೋವಿನಿಂದ ಆರಂಭವಾದ ಉಪವಾಸವು ತಾನೇ ಒಂದು ರೋಗವಾಗಿ ತನ್ನನ್ನು ತಾನು ಮುಂದುವರಿಸಿಕೊಂಡು ಹೋಗುತ್ತದೆ. ಆದುದರಿಂದ ಮುದಿ ಬೆಕ್ಕು ಒಂದು ಹಗಲು ಒಂದು ರಾತ್ರಿ ಏನನ್ನೂ ಮುಟ್ಟದಿದ್ದರೆ ವೈದ್ಯರನ್ನು ಕೇಳತಕ್ಕದ್ದು. ಮೂರನೆಯ ದಿನದವರೆಗೆ ಕಾದದ್ದು ನನ್ನ ತಪ್ಪು.

ಅದು ಏಕೆ ತಿನ್ನುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಅದು ಏನನ್ನು ತಿನ್ನಲು ಹುಟ್ಟಿದೆ ಎಂಬುದನ್ನು ತಿಳಿಯಬೇಕು. ಇಲ್ಲಿ ಅಮರಕೋಶ ನನ್ನ ನೆರವಿಗೆ ಬಂತು. ಅದು ಬೆಕ್ಕಿಗೆ ಕೊಡುವ ಹೆಸರುಗಳಲ್ಲಿ ಆಖುಭುಕ್ ಎಂಬುದೊಂದು. ಆಖು ಎಂದರೆ ಇಲಿ. ಇಲಿಯನ್ನು ತಿನ್ನುವುದು ಎಂದರ್ಥ. ಇದಕ್ಕಿಂತ ಚಿಕ್ಕದಾಗಿ ಬೆಕ್ಕಿನ ಆಹಾರಶಾಸ್ತ್ರವನ್ನು ಹೇಳುವುದು ಕಷ್ಟ. ನಮ್ಮ ಮನೆಯ ಬೆಕ್ಕುಗಳು ಪಶ್ಚಿಮ ಏಷ್ಯದ ಕಾಡುಬೆಕ್ಕಿನ ಸಂತತಿ ಎಂಬುದು ೨೦೦೭ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ಮರುಭೂಮಿಯಂತಹ ನೆಲದಲ್ಲಿ ಇಲಿ ಹಕ್ಕಿಗಳನ್ನು ಹಿಡಿದು, ಆ ಮಾಂಸದ ತೇವದಲ್ಲಿಯೇ ನೀರಿನ ಬಹುಪಾಲನ್ನು ಪಡೆದು ಬಾಳಿದ ಪ್ರಾಣಿ ಅದು. ಮಾಂಸದಲ್ಲಿ ಟಾರಿನ್ ಎಂಬ ಪದಾರ್ಥವಿದೆ. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಹೊರಗಿನಿಂದ ಸಿಕ್ಕದಿದ್ದರೆ ಕಾಲಕ್ರಮದಲ್ಲಿ ಕಣ್ಣು ಮಂಕಾಗುತ್ತದೆ, ಹೃದಯ ಸೋಲುತ್ತದೆ. ಅನ್ನದಲ್ಲಿ ಟಾರಿನ್ ಇಲ್ಲ, ರಾಗಿಯಲ್ಲಿ ಇಲ್ಲ, ಹಾಲಿನಲ್ಲಿ ಇರುವುದು ಅತ್ಯಲ್ಪ. ಬೆಕ್ಕಿಗೆ ಸಿಹಿಯ ರುಚಿಯೂ ತಿಳಿಯದು. ಸಿಹಿಯನ್ನು ಗುರುತಿಸುವ ವಂಶವಾಹಿ ಅದರಲ್ಲಿ ಕೆಟ್ಟುಹೋಗಿದೆ ಎಂಬುದನ್ನು ಅಮೆರಿಕದ ಫಿಲಡೆಲ್ಫಿಯದ ವಿಜ್ಞಾನಿಗಳು ೨೦೦೫ರಲ್ಲಿ ತೋರಿಸಿದರು. ನಾವು ಹಬ್ಬದ ಪಾಯಸವನ್ನು ಪ್ರೀತಿಯಿಂದ ಬಡಿಸಿದರೆ ಅದಕ್ಕೆ ತಿಳಿಯುವುದು ಹಾಲಿನ ಕೊಬ್ಬಿನ ವಾಸನೆ ಮಾತ್ರ. ಆ ಹಾಲೂ ಬೆಳೆದ ಅನೇಕ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ.

ಹಾಗಾದರೆ ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಹದಿಮೂರು ವರ್ಷ ಗೌರಿ ಹೇಗೆ ಬದುಕಿದಳು? ಇದನ್ನು ವೈದ್ಯರೇ ನನ್ನನ್ನು ಕೇಳಿದರು: “ಮೇಷ್ಟ್ರೇ, ಇಲಿ ಹಿಡಿಯುವುದನ್ನು ಯಾವಾಗ ನಿಲ್ಲಿಸಿತು?” ಯೋಚಿಸಿದರೆ, ಸುಮಾರು ಒಂದು ವರ್ಷದ ಹಿಂದೆ. ಈ ಸೀಮೆಯಲ್ಲಿ ಬೆಕ್ಕನ್ನು ಸಾಕಿದ್ದೇ ಇಲಿಗಾಗಿ. ಮಾಗಡಿಯ ಕಡೆಯ ರಾಗಿಯ ಕಣಜ, ಕನಕಪುರ ರಾಮನಗರಗಳ ಸುತ್ತಿನ ಹುಳುಮನೆ, ಎರಡಕ್ಕೂ ಇಲಿ ಶತ್ರು. ರೇಷ್ಮೆಹುಳುವನ್ನೂ, ಚಂದ್ರಿಕೆಯಲ್ಲಿ ಕಟ್ಟಿದ ಗೂಡಿನೊಳಗಿನ ಕೋಶವನ್ನೂ ಅದು ಬಿಡುವುದಿಲ್ಲ. ಬೆಕ್ಕು ಇಲಿಯನ್ನು ತಿಂದು ತನ್ನ ಮಾಂಸದ ಪಾಲನ್ನು ತಾನೇ ಸಂಪಾದಿಸುತ್ತಿತ್ತು. ನಾವು ಇಡುತ್ತಿದ್ದ ಹಾಲನ್ನ ಮೇಲಿನ ಉಪಾಹಾರ. ‘ನಾವು ಸಾಕಿದ್ದೇವೆ’ ಎಂದು ನಾವು ತಿಳಿದುಕೊಂಡಿದ್ದೆವು. ಕಣ್ಣು ಮಬ್ಬಾಗಿ, ಕೀಲು ಬಿಗಿದು ಬೇಟೆ ನಿಂತಂದಿನಿಂದ ಅದರ ಊಟದ ಮುಖ್ಯ ಭಾಗವೇ ನಿಂತುಹೋಗಿತ್ತು. ತಟ್ಟೆಯಲ್ಲಿ ಮೊದಲಿನಂತೆಯೇ ಹಾಲನ್ನವಿದ್ದುದರಿಂದ ನಮಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇಲಿ ಹಿಡಿಯುವುದನ್ನು ಬಿಟ್ಟ ಮುದಿ ಬೆಕ್ಕಿಗೆ ಹಳೆಯ ಊಟ ಸಾಲದು ಎಂಬುದನ್ನು ನಮ್ಮ ಕಡೆಯ ಮನೆಗಳು ಮುಖ್ಯವಾಗಿ ನೆನಪಿಡಬೇಕು.

ಇನ್ನು ತಟ್ಟೆಯನ್ನು ಒಲ್ಲದಿರುವುದಕ್ಕೆ ಕಾರಣಗಳು. ಬೆಕ್ಕು ತನ್ನ ನೋವನ್ನು ಹೇಳಿಕೊಳ್ಳುವ ಪ್ರಾಣಿಯಲ್ಲ. ಕುಂಟುವುದು ಕಡಮೆ, ನರಳುವುದು ಇನ್ನೂ ಕಡಮೆ. ಒಂದು ಮೂಲೆಯಲ್ಲಿ ಮೈ ಮುದುಡಿ ಕೂರುತ್ತದೆ. ಊಟ ಬಿಡುವುದೊಂದೇ ಅದು ನಮಗೆ ಕೊಡುವ ಸೂಚನೆ. ಆ ಸೂಚನೆಯ ಅರ್ಥವನ್ನು ನಾವು ಹುಡುಕಬೇಕು.

ಮೊದಲನೆಯ ಕಾರಣ ಬಾಯಿ. ಬೆಳೆದ ಬೆಕ್ಕಿಗೆ ಮೂವತ್ತು ಹಲ್ಲುಗಳು. ವಯಸ್ಸಾದಂತೆ ವಸಡು ಬಾತುಕೊಳ್ಳುವುದು, ಹಲ್ಲಿನ ಬುಡವೇ ಒಳಗಿನಿಂದ ಕರಗಿಹೋಗುವುದು ಸಾಮಾನ್ಯ. ಇದರ ಗುರುತು ಸ್ಪಷ್ಟ: ಹಸಿದು ಬರುತ್ತದೆ, ಮೂಸುತ್ತದೆ, ಒಂದು ತುತ್ತು ಹಾಕಿಕೊಂಡು ತಲೆ ಕೊಡವುತ್ತದೆ ಅಥವಾ ತುತ್ತನ್ನು ಕೆಳಕ್ಕೆ ಬೀಳಿಸುತ್ತದೆ, ಒಂದೇ ಪಕ್ಕದಿಂದ ಅಗಿಯುತ್ತದೆ, ಜೊಲ್ಲು ಸುರಿಯುತ್ತದೆ, ಬಾಯಿ ನಾರುತ್ತದೆ. ಬೆಕ್ಕಿಗೆ ಮಾರ್ಜಾರ ಎಂಬ ಇನ್ನೊಂದು ಹೆಸರಿದೆ. ಮೃಜ್ ಎಂಬ ಧಾತುವಿನಿಂದ ಬಂದದ್ದು. ತನ್ನನ್ನು ತಾನು ತೊಳೆದುಕೊಳ್ಳುವುದು ಎಂದರ್ಥ. ಬಾಯಿ ನೋಯುವ ಬೆಕ್ಕು ಮೈ ನೆಕ್ಕುವುದನ್ನು ಬಿಡುತ್ತದೆ, ತುಪ್ಪುಳ ಜಡೆಗಟ್ಟುತ್ತದೆ. ಮಾರ್ಜಾರವು ಮಾರ್ಜನವನ್ನು ಬಿಟ್ಟರೆ ಅದಕ್ಕೆ ಕಾಯಿಲೆಯೆಂದು ತಿಳಿಯಬೇಕು. ಗೌರಿಯ ಬಿಳಿಯ ಮೈ ಕೆಲವು ವಾರಗಳಿಂದ ಮಾಸಲಾಗಿತ್ತು. ನಾನು ಅದನ್ನು ಮುಪ್ಪೆಂದುಕೊಂಡಿದ್ದೆ.

ಎರಡನೆಯದು ಮೂಗು. ಬೆಕ್ಕು ನಾಲಗೆಗಿಂತ ಹೆಚ್ಚಾಗಿ ಮೂಗಿನಿಂದ ಊಟ ಮಾಡುತ್ತದೆ. ನೆಗಡಿಯಾಗಿ ಮೂಗು ಕಟ್ಟಿದರೆ ಅದರ ಮುಂದೆ ಅಮೃತವನ್ನಿಟ್ಟರೂ ಅದು ಕಲ್ಲಿನ ಸಮಾನ.

ಮೂರನೆಯದು ಮೂತ್ರಪಿಂಡ. ಮುದಿ ಬೆಕ್ಕುಗಳಲ್ಲಿ ಬಹಳವಾಗಿ ಕಾಣುವ ರೋಗವಿದು. ಮೂತ್ರಪಿಂಡದ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಹೋಗುವತನಕ ಹೊರಗೆ ಏನೂ ತೋರದು. ಅನಂತರ ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ತೂಕ ಇಳಿಯುತ್ತದೆ. ದೇಹದಲ್ಲಿ ಕಲ್ಮಷ ಉಳಿದು ಓಕರಿಕೆ ಬರುವುದರಿಂದ ಆಹಾರದ ವಾಸನೆಯೇ ಬೇಡವಾಗುತ್ತದೆ. ತಟ್ಟೆಯತ್ತ ಬಂದು ತುಟಿ ನೆಕ್ಕಿಕೊಂಡು ಹಿಂದೆ ಸರಿಯುವುದು ಓಕರಿಕೆಯ ಗುರುತು.

ನಾಲ್ಕನೆಯದು ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆ. ೧೯೭೯ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಬೆಕ್ಕುಗಳಲ್ಲಿ ಇದನ್ನು ಮೊದಲು ವಿವರಿಸಿದರು. ಇದರ ರೀತಿ ವಿಚಿತ್ರ. ಬೆಕ್ಕು ಹಗಲಿರುಳು ತಿಂದರೂ ಬಡವಾಗುತ್ತ ಹೋಗುತ್ತದೆ. ರೋಗ ಬಲಿತಾಗ ಕೆಲವು ತಿನ್ನುವುದನ್ನೇ ಬಿಡುತ್ತವೆ. ‘ಮುದಿ ಬೆಕ್ಕಿಗೆ ಎಷ್ಟು ಹಸಿವು!’ ಎಂದು ಸಂತೋಷಪಡುವ ಮುನ್ನ ತೂಕ ನೋಡಬೇಕು.

ಐದನೆಯದು ಕೀಲುನೋವು. ಹನ್ನೆರಡು ವರ್ಷ ಮೀರಿದ ನೂರು ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ನೋಡಿ ೨೦೦೨ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ತೊಂಬತ್ತರ ಕೀಲುಗಳಲ್ಲಿ ಸವೆತ ಕಂಡುಬಂದಿತ್ತು. ಅಂಥ ಬೆಕ್ಕಿನ ತಟ್ಟೆಯನ್ನು ನಾಯಿಗೆ ಸಿಕ್ಕದಿರಲೆಂದು ಕಟ್ಟೆಯ ಮೇಲಿಟ್ಟರೆ ಅದು ಹತ್ತಲಾರದೆ ಉಪವಾಸವಿರುತ್ತದೆ. ಇವಲ್ಲದೆ ಮನೆ ಬದಲಾಯಿಸಿದ್ದು, ಮನೆಗೆ ಹೊಸ ನಾಯಿ ಬಂದದ್ದು, ತಟ್ಟೆಯನ್ನು ಬೇರೆ ಸೋಪಿನಿಂದ ತೊಳೆದದ್ದು, ಹುಳುಮನೆಯಲ್ಲಿ ಫಾರ್ಮಲಿನ್ ಅಥವಾ ಬ್ಲೀಚಿಂಗ್ ಪುಡಿಯ ಘಾಟು ಏಳುವುದು, ಇಷ್ಟರಿಂದಲೇ ಕೆಲವು ಬೆಕ್ಕುಗಳು ಊಟ ಬಿಡುತ್ತವೆ. ಆದರೆ ಮುದಿ ಬೆಕ್ಕಿನ ವಿಷಯದಲ್ಲಿ ಇವನ್ನು ಕಾರಣವೆಂದು ಒಪ್ಪುವ ಮುನ್ನ ಹಿಂದಿನ ಐದನ್ನೂ ವೈದ್ಯರು ನೋಡಿರಬೇಕು.

ಈಗ ನಾನು ಮಾಡಿದ ಎರಡನೆಯ ತಪ್ಪನ್ನು ಹೇಳಬೇಕು. ಅದನ್ನು ಹೇಳಲು ತೆನಾಲಿ ರಾಮಕೃಷ್ಣನ ಬೆಕ್ಕಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಕಥೆಯನ್ನು ಅರಿಯದವರು ಯಾರು? ಕೃಷ್ಣದೇವರಾಯನು ಇಲಿಯ ಕಾಟ ನಿವಾರಿಸಲು ಮನೆಮನೆಗೂ ಬೆಕ್ಕನ್ನು ಹಂಚಿ, ಅದರ ಹಾಲಿಗೆಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣ ಮೊದಲನೆಯ ದಿನ ಬೆಕ್ಕಿನ ಮುಂದೆ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮರುದಿನದಿಂದ ಹಾಲನ್ನು ಕಂಡರೆ ಓಡತೊಡಗಿತು. ಹಸುವಿನ ಹಾಲೆಲ್ಲ ರಾಮಕೃಷ್ಣನ ಮನೆಮಂದಿಗೆ ಉಳಿಯಿತು. ನಾವು ನಕ್ಕು ಮರೆಯುವ ಈ ಕಥೆಯಲ್ಲಿ ಒಂದು ಶಾಸ್ತ್ರಸತ್ಯವಿದೆ. ತಿನ್ನುವಾಗ ನೋವೋ ಓಕರಿಕೆಯೋ ಆದರೆ ಪ್ರಾಣಿ ಆ ಆಹಾರವನ್ನೇ ಅದಕ್ಕೆ ಹೊಣೆಯಾಗಿಸಿ, ಮುಂದೆ ಅದನ್ನು ಮುಟ್ಟುವುದಿಲ್ಲ. ೧೯೫೫ರಲ್ಲಿ ಜಾನ್ ಗಾರ್ಸಿಯ ಎಂಬ ಅಮೆರಿಕದ ವಿಜ್ಞಾನಿಯೂ ಆತನ ಜೊತೆಗಾರರೂ ಇಲಿಗಳಿಗೆ ಸಿಹಿನೀರು ಕುಡಿಸುತ್ತ, ವಿಕಿರಣದಿಂದ ಅಸ್ವಸ್ಥತೆ ಉಂಟುಮಾಡಿದರು. ಆ ಇಲಿಗಳು ಮುಂದೆ ಸಿಹಿನೀರನ್ನು ದೂರವಿಟ್ಟವು. ತೆನಾಲಿಯ ಕಥೆಯ ಬೆಕ್ಕನ್ನು ಪ್ರಯೋಗಶಾಲೆಯಲ್ಲಿ ಕಂಡಂತಾಯಿತು.

ಗೌರಿ ತಿನ್ನದಿದ್ದ ಎರಡನೆಯ ದಿನ ರಾತ್ರಿ ನಾನು ಅವಳನ್ನು ತೊಡೆಯಮೇಲೆ ಒತ್ತಿ ಹಿಡಿದು, ನನ್ನ ಶ್ರೀಮತಿಯ ಕೈಯಿಂದ ಚಮಚದಲ್ಲಿ ಹಾಲು ಹುಯ್ಯಿಸಿದ್ದೆ. ನೋಯುವ ಹಲ್ಲಿಗೆ ಚಮಚದ ಅಂಚು ತಾಗಿರಬೇಕು; ಅರ್ಧ ಹಾಲು ನೆಲಕ್ಕೆ, ಸ್ವಲ್ಪ ಮೂಗಿಗೆ. ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಮಂಚದ ಕೆಳಗೆ ಹೋಗಿ ಸೇರುತ್ತಿದ್ದಳು. ಬಲವಂತದ ತುತ್ತಿನಿಂದ ಈ ಬಗೆಯ ಹೇವರಿಕೆ ಹುಟ್ಟುವುದಲ್ಲದೆ, ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಉಂಟು. ಆಹಾರವನ್ನು ಕೊಳವೆಯಿಂದಲೋ ಪಿಚಕಾರಿಯಿಂದಲೋ ಕೊಡಬೇಕಾದರೆ ಅದನ್ನು ವೈದ್ಯರು ಹೇಳಿಕೊಟ್ಟಂತೆ ಮಾಡಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಆಹಾರವನ್ನು ಉಗುರುಬೆಚ್ಚಗೆ ಮಾಡಿ ಕೊಡುವುದು ಮೊದಲನೆಯದು. ಆಗತಾನೆ ಹಿಡಿದ ಇಲಿಯ ಮೈ ಎಷ್ಟು ಬೆಚ್ಚಗಿರುತ್ತದೆಯೋ ಅಷ್ಟು. ಮುಂಗೈಗೆ ಮುಟ್ಟಿಸಿದರೆ ಬಿಸಿಯೂ ತಣುವೂ ತೋರಬಾರದು. ಬೆಚ್ಚಗಿನ ಆಹಾರದ ವಾಸನೆ ಚೆನ್ನಾಗಿ ಏಳುತ್ತದೆ. ಒಂದೇ ಬಾರಿಗೆ ರಾಶಿ ಹಾಕದೆ, ಒಂದು ಚಮಚದಷ್ಟನ್ನು ದಿನಕ್ಕೆ ಐದಾರು ಸಲ ಇಡಬೇಕು. ಅಗಲವಾದ, ತಗ್ಗಾದ ತಟ್ಟೆ, ಗಲಾಟೆಯಿಲ್ಲದ ಜಾಗ. ತಿನ್ನದಿದ್ದರೆ ಅರ್ಧ ಗಂಟೆಯಲ್ಲಿ ತೆಗೆದುಬಿಡಬೇಕು. ಹಳಸಿದ್ದರ ಮುಂದೆ ಅದನ್ನು ಕೂರಿಸಬಾರದು. ನೀರನ್ನು ತಟ್ಟೆಯಿಂದ ದೂರ, ಎರಡು ಮೂರು ಕಡೆ ಇಡುವುದು ಒಳ್ಳೆಯದು. ಬೇಯಿಸಿ ಮುಳ್ಳು ತೆಗೆದ ಮೀನು, ಬೇಯಿಸಿ ಮೂಳೆ ಬಿಡಿಸಿದ ಕೋಳಿಮಾಂಸ, ಬೇಯಿಸಿದ ಮೊಟ್ಟೆ ಇವುಗಳಿಗೆ ಉಪ್ಪು ಖಾರ ಸೋಕಬಾರದು.

ನಮ್ಮ ಮನೆಯಲ್ಲಿ ಈ ಸಾಲು ದೊಡ್ಡ ಪ್ರಶ್ನೆಯಾಯಿತು. ಮೀನು ನಮ್ಮ ಹೊಸ್ತಿಲನ್ನು ದಾಟಿದ್ದಿಲ್ಲ. ನಾನು ಅನುಮಾನಿಸುತ್ತಿದ್ದಾಗ ನಮ್ಮ ತಾಯಿಯವರೇ, “ಅದರ ಧರ್ಮ ಅದುಕ್ಕೆ, ನಮ್ಮ ಮಡಿ ನಮಗೆ. ಹಿತ್ತಲಲ್ಲಿ ಹಾಕು” ಎಂದು ತೀರಿಸಿದರು. ನೆರೆಯವರದು ಗೊಂಬೆ ಕೆಲಸದ ಮನೆ. ಹಗಲೆಲ್ಲ ಮರ ಕಡೆಯುವ ಸದ್ದು, ಅರಗಿನ ವಾಸನೆ. ಆ ಮನೆಯಾಕೆ ವಿಷಯ ಕೇಳಿ, “ಅದಕ್ಕೇನು ಮೇಷ್ಟ್ರೇ, ನಮ್ಮನೇಲಿ ಮೀನು ತಂದ ದಿನ ಅದರ ಪಾಲು ಬೇರೆ ಬೇಯಿಸ್ತೀನಿ, ಉಳಿದ ದಿನ ಮೊಟ್ಟೆ” ಎಂದರು. ನಡುಗೋಡೆಯ ಮೇಲಿಂದ ಮುಚ್ಚಿದ ಬಟ್ಟಲು ಬರತೊಡಗಿತು.

ಮಾಡಬಾರದ್ದರ ಪಟ್ಟಿ ಇದಕ್ಕಿಂತ ಮುಖ್ಯ. ಜ್ವರಕ್ಕೆ ನೋವಿಗೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ಘೋರ ವಿಷ. ಅದನ್ನು ಕಳೆದುಹಾಕುವ ಯಂತ್ರ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಮೆ. ಒಂದೇ ಮಾತ್ರೆಯಿಂದ ರಕ್ತ ಕಂದಿ, ಮುಖ ಬಾತು ಸಾಯಬಹುದು. ಮನುಷ್ಯರ ಉಳಿದ ನೋವಿನ ಮಾತ್ರೆಗಳೂ ಬೇಡ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು ಅದರ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ರುಚಿಗೆಂದು ಸಾರು ಕಲಸಿ ಕೊಡಬಾರದು. ಫಿನಾಯಿಲಿನಿಂದ ಒರೆಸಿದ ಹಸಿ ನೆಲದಮೇಲೆ ನಡೆದ ಬೆಕ್ಕು ಪಾದ ನೆಕ್ಕಿ ವಿಷವನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಸೋಂಕಿಸಲೇಬಾರದು. ಕಣಜದಲ್ಲಿ, ಹುಳುಮನೆಯಲ್ಲಿ ಇಲಿಪಾಷಾಣ ಇಡುವವರು, ವಿಷ ತಿಂದು ತೂರಾಡುವ ಇಲಿಯೇ ಮುದಿ ಬೆಕ್ಕಿನ ಕೈಗೆ ಸುಲಭವಾಗಿ ಸಿಕ್ಕುವ ಬೇಟೆ ಎಂಬುದನ್ನು ಮರೆಯಬಾರದು. ಅಂಥ ಸಂಶಯವಿದ್ದರೆ ಮರುದಿನದವರೆಗೆ ಕಾಯದೆ ಪಾಷಾಣದ ಪೊಟ್ಟಣದೊಡನೆ ವೈದ್ಯರ ಬಳಿಗೆ ಓಡಬೇಕು.

ವೈದ್ಯರಿಗೆ ತೋರಿಸುವುದು ದನಕರುಗಳಿಗೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಇನ್ನೂ ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಬೆಕ್ಕನ್ನು ಒಯ್ದರೆ ಯಾರೂ ನಗುವುದಿಲ್ಲ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರು ಹತ್ತಿರದಲ್ಲಿದೆ. ಹೆಬ್ಬಾಳದಲ್ಲಿ ೧೯೫೮ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಹೋಗಬಾರದು, ಲಾರಿಯ ಸದ್ದಿಗೆ ಹಾರಿ ಓಡುತ್ತದೆ. ಮುಚ್ಚಳವಿರುವ ಬಿದಿರಿನ ಬುಟ್ಟಿಯಲ್ಲಿ ಅದು ಮಲಗುವ ಹಳೆಯ ಬಟ್ಟೆಯನ್ನೇ ಹಾಸಿ, ಮೇಲೊಂದು ಟವಲು ಹೊದಿಸಿದರೆ ಕತ್ತಲೆಯಲ್ಲಿ ಸುಮ್ಮನಿರುತ್ತದೆ. ಹೋಗುವ ಮುನ್ನ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ಕೊನೆಯ ಬಾರಿ ಯಾವಾಗ ಎಷ್ಟು ತಿಂದಿತು, ನೀರು ಹೆಚ್ಚಾಯಿತೇ, ಮಲಮೂತ್ರ ವಾಂತಿ ಹೇಗೆ, ತೂಕವೆಷ್ಟು. ತೂಕ ನೋಡುವುದು ಕಷ್ಟವಲ್ಲ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರಾಯಿತು. ನಾಲ್ಕು ಕಿಲೋ ಬೆಕ್ಕು ನಾನೂರು ಗ್ರಾಂ ಇಳಿದರೆ ಅರವತ್ತು ಕಿಲೋ ಮನುಷ್ಯ ಆರು ಕಿಲೋ ಇಳಿದಂತೆ. ಹಿಂದೆ ನಾಲ್ಕು ಕಿಲೋ ಇದ್ದ ಗೌರಿ ಅಂದು ಎರಡು ಕಿಲೋ ಒಂಬೈನೂರು ಗ್ರಾಂ ತೂಗಿದಳು.

ವೈದ್ಯರು ಬಾಯಿ ತೆರೆಸಿ ಟಾರ್ಚು ಬಿಟ್ಟು ತೋರಿಸಿದಾಗ ನನಗೂ ಕಾಣಿಸಿತು. ಕೆಳದವಡೆಯ ಎರಡು ಹಲ್ಲುಗಳ ಬುಡ ಕೆಂಪಾಗಿ ತೂತುಬಿದ್ದಿತ್ತು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಗಳ ದೌರ್ಬಲ್ಯವೂ ತಿಳಿಯಿತು. ಚರ್ಮದ ಕೆಳಗೆ ಲವಣದ್ರವ ಕೊಟ್ಟು, ಓಕರಿಕೆ ಅಡಗಿಸಿ, ಮೈ ಸುಧಾರಿಸಿದ ಮೇಲೆ ಅರಿವಳಿಕೆ ಕೊಟ್ಟು ಹಲ್ಲು ಕಿತ್ತರು. ಹಲ್ಲಿಲ್ಲದೆ ತಿನ್ನುವುದು ಹೇಗೆಂದು ನಾನು ಕೇಳಿದೆ. ಬೆಕ್ಕು ಹಲ್ಲಿಲ್ಲದೆಯೂ ಮೆತ್ತನೆಯ ಆಹಾರವನ್ನು ಚೆನ್ನಾಗಿಯೇ ತಿನ್ನುತ್ತದೆ, ನೋಯುವ ಹಲ್ಲಿದ್ದರೆ ಮಾತ್ರ ತಿನ್ನಲಾರದು ಎಂದರು. ಐದನೆಯ ದಿನ ಗೌರಿ ನೆರೆಮನೆಯ ಬಟ್ಟಲನ್ನು ನೆಕ್ಕಿ ಬರಿದು ಮಾಡಿದಳು. ಅನಂತರ ಕುಳಿತು ಮುಂಗಾಲಿನಿಂದ ಮುಖ ತೊಳೆದುಕೊಂಡಳು. ಹಾಲನ್ನು ಇಂದಿಗೂ ಮುಟ್ಟುವುದಿಲ್ಲ. ಅದು ನನ್ನ ಚಮಚದ ಫಲ.

ಎಲ್ಲ ಬೆಕ್ಕುಗಳಿಗೂ ಹೀಗೆ ಸುಖಾಂತವಿಲ್ಲ. ಮೂತ್ರಪಿಂಡದ ರೋಗ ವಾಸಿಯಾಗುವುದಲ್ಲ. ಆಹಾರ, ನೀರು, ಔಷಧಗಳಿಂದ ಅದರ ನಡಿಗೆಯನ್ನು ನಿಧಾನಗೊಳಿಸಬಹುದು. ಗೌರಿಗೂ ಅಷ್ಟೆ. ಎಂದಾದರೊಂದು ದಿನ ಬೆಚ್ಚಗಿನ ಮೀನನ್ನೂ ಮೂಸಿ ಹಿಂದಿರುಗುವ ಹೊತ್ತು ಬರುತ್ತದೆ. ಆಗ ವೈದ್ಯರನ್ನು ನೇರವಾಗಿ ಕೇಳಬೇಕು: ಇದರ ಸಂಕಟವನ್ನು ಕಡಮೆ ಮಾಡಲು ಇನ್ನೇನಾದರೂ ಉಳಿದಿದೆಯೇ? ಇದ್ದರೆ ಮಾಡಬೇಕು. ಇಲ್ಲವಾದರೆ ನೋವಿಲ್ಲದೆ ನಿದ್ರೆಯಲ್ಲಿ ಕಳುಹಿಸಿಕೊಡುವ ಕ್ರಮವೂ ಅವರಲ್ಲಿ ಉಂಟು. ಅದನ್ನು ಒಪ್ಪುವುದು ಬಿಡುವುದು ಆಯಾ ಮನೆಯವರಿಗೆ ಬಿಟ್ಟದ್ದು. ಆದರೆ ಏನನ್ನೂ ಕೇಳದೆ ಮೂಲೆಯಲ್ಲಿ ಒಣಗಲು ಬಿಟ್ಟು, ‘ಕಾಲ ಬಂತು’ ಎನ್ನುವುದು ಮಾತ್ರ ಸರಿಯಲ್ಲ.

ನಮ್ಮ ಪಕ್ಕದ ಮದ್ದೂರು ತಾಲ್ಲೂಕಿನಲ್ಲಿಯೇ ಬೆಕ್ಕಳಲೆ ಎಂಬ ಗ್ರಾಮವಿದೆ. ಅಲ್ಲಿ ಗ್ರಾಮದೇವತೆಯಾದ ಮಂಗಮ್ಮ ಬೆಕ್ಕಿನ ರೂಪದಲ್ಲಿ ಬಂದಳೆಂದು ನಂಬಿ ಬೆಕ್ಕಿಗೆ ಗುಡಿ ಕಟ್ಟಿ ಪೂಜಿಸುತ್ತಾರೆ. ಬೆಕ್ಕಿಗೆ ಅಲ್ಲಿ ಯಾರೂ ಕೇಡು ಬಗೆಯುವುದಿಲ್ಲ. ಸತ್ತ ಬೆಕ್ಕನ್ನು ಬಿಸಾಡದೆ ಮಣ್ಣು ಮಾಡುತ್ತಾರೆ. ಆತಕೂರಿನ ತಾಲ್ಲೂಕಿನಲ್ಲಿಯೇ ಬೆಕ್ಕಿಗೂ ಒಂದು ಗುಡಿಯಿದೆ ಎಂದು ತಿಳಿದಾಗ, ಗಾದೆಗಳು ಮಾಡಿದ ಅನ್ಯಾಯ ಸ್ವಲ್ಪ ತೀರಿತೆಂದುಕೊಂಡೆ. ಎಲ್ಲರೂ ಗುಡಿ ಕಟ್ಟಬೇಕಾಗಿಲ್ಲ. ಹದಿನಾಲ್ಕು ವರ್ಷ ನಮ್ಮ ಕಾಳುಕಡ್ಡಿಯನ್ನು ಕಾದ ಪ್ರಾಣಿಯ ತಟ್ಟೆಯತ್ತ ದಿನಕ್ಕೆರಡು ಸಲ ಕಣ್ಣು ಹಾಯಿಸಿದರೆ ಸಾಕು.

ಗೌರಿಗೆ ಈಗ ಹದಿನೈದು. ಪ್ರತಿ ಭಾನುವಾರ ತೂಗಿ, ಅಡಿಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಹೋದ ವಾರ ಮೂರು ಕಿಲೋ ನೂರು ಗ್ರಾಂ. ಅದೇ ಕ್ಯಾಲೆಂಡರಿನಲ್ಲಿ ಈಚೆಗೆ ಇನ್ನೊಂದು ಗುರುತನ್ನೂ ಹಾಕುತ್ತಿದ್ದೇನೆ. ಪ್ರದೇಶ ಸಮಾಚಾರ ಮುಗಿದ ಮೇಲೆ ಕಾಫಿ ಕೆಳಗಿಟ್ಟು ಒಳಗೆ ಹೋಗಿ, ನಮ್ಮ ತಾಯಿಯವರ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಬರುತ್ತೇನೆ.